ತಲೆಗೆ ಪೆಟ್ಟು ಬಿದ್ದವರಿಗೆ ಅಲ್ಟ್ರಾಸೌಂಡ್ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಎಚ್ 48 ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ದಾಟಿಕೊಂಡೇ ಹೋಗುತ್ತದೆ. ಹಾಗಾಗಿ ಈ ಕಡೆ ಆಸ್ಪತ್ರೆಗಳಿಗೆ ತಲೆ ಪೆಟ್ಟಿನ ಕೇಸು ಹೊಸದೇನಲ್ಲ. ಜೊತೆಗೆ ಚನ್ನಗಿರಿ ಕಡೆಯಿಂದ ಅಡಿಕೆ ಮರದಿಂದ ಬಿದ್ದವರೂ ಬರುತ್ತಾರೆ. ಐಸಿಯು ಹೊರಗೆ ಬೆಂಚಿನ ಮೇಲೆ ಕೂತ ಮನೆಯವರು, ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳಿಸಿ "ಸ್ವಲ್ಪ ನೋಡಿ ಹೇಳಿ" ಅನ್ನುವವರು, ಮೆಡಿಕಲ್ ಓದುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮ್ಮ ಪೇಷೆಂಟ್ ವಿಷಯದಲ್ಲಿ ಕೊನೇ ಮಾತು ಮಾತ್ರ ಅವರನ್ನು ಎದುರಿಗೆ ನೋಡುತ್ತಿರುವ ಡಾಕ್ಟರದ್ದು.

## ಮೊದಮೊದಲ ಪ್ರಶ್ನೆಗಳು

ಸ್ಕ್ಯಾನಿಂಗ್ ಅಂದ್ರೆ ಬಸುರಿಯರಿಗೆ ಮಾಡೋದಲ್ವಾ? ತಲೆಗೂ ಮಾಡ್ತಾರಾ?

ಮಾಡುತ್ತಾರೆ. ತಮಾಷೆ ಏನೆಂದರೆ ಇದು ಹೊಟ್ಟೆಗಿಂತ ಮೊದಲು ತಲೆಗೇ ಬಂದಿದ್ದು. 1942ರಲ್ಲಿ ಆಸ್ಟ್ರಿಯಾದ ಕಾರ್ಲ್ ಡುಸಿಕ್ ಶಬ್ದದ ಅಲೆಗಳಿಂದ ನೋಡಲು ಹೊರಟಿದ್ದೇ ಮೆದುಳನ್ನು. ಅವರಿಗೆ ಕಂಡಿದ್ದರಲ್ಲಿ ಜಾಸ್ತಿ ಪಾಲು ಬುರುಡೆಯ ಮೂಳೆಯ ಆಟ ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು. 1950ರ ದಶಕದಲ್ಲಿ ಸ್ವೀಡನ್‌ನ ಸರ್ಜನ್ ಲಾರ್ಸ್ ಲೆಕ್ಸೆಲ್, ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನೇ ತಲೆಗೆ ಹಿಡಿದು ಮೆದುಳಿನ ನಡುಗೆರೆ ಪಕ್ಕಕ್ಕೆ ಸರಿದಿದೆಯಾ ಅಂತ ನೋಡಿದರು. 1970ರ ದಶಕದಲ್ಲಿ ಸಿಟಿ ಸ್ಕ್ಯಾನ್ ಬಂದ ಮೇಲೆ ಅದೆಲ್ಲ ಮೂಲೆ ಸೇರಿತು. ಈಗ ಯಂತ್ರ ಚಿಕ್ಕದಾಗಿದೆ, ಚಿತ್ರ ಚೆನ್ನಾಗಿ ಬರುತ್ತದೆ, ಐಸಿಯು ಮಂಚದ ಪಕ್ಕಕ್ಕೇ ತಳ್ಳಿಕೊಂಡು ಬರಬಹುದು. ಅದಕ್ಕೇ ಮತ್ತೆ ಬಂದಿದೆ.

ಬುರುಡೆ ಮೂಳೆ ಅಷ್ಟು ಗಟ್ಟಿ. ಅದನ್ನ ದಾಟಿ ಒಳಗಿಂದು ಹೆಂಗೆ ಕಾಣುತ್ತೆ?

ಎಲ್ಲ ಕಡೆಯಿಂದ ಕಾಣುವುದಿಲ್ಲ. ಕಿವಿಯ ಮುಂದೆ, ಕಣತಲೆಯ ಹತ್ತಿರ ಮೂಳೆ ತೆಳು. ಅಲ್ಲಿ 2 ಮೆಗಾಹರ್ಟ್ಸ್ ಆಸುಪಾಸಿನ ಪ್ರೋಬ್ (ಯಂತ್ರದ ಮೈಗೆ ಹಿಡಿಯುವ ಭಾಗ) ಇಟ್ಟರೆ ಅಲೆ ಒಳಗೆ ಹೋಗುತ್ತದೆ. ಹೃದಯದ ಎಕೋ ಮಾಡುವ ಪ್ರೋಬ್ ಇದಕ್ಕೆ ಸಾಕು. ಹತ್ತರಲ್ಲಿ ಒಬ್ಬರಿಗಾದರೂ ಆ ಜಾಗದಲ್ಲೂ ಮೂಳೆ ದಪ್ಪ ಇದ್ದು ಏನೂ ಕಾಣುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. "ನಿಮ್ಮ ಅಮ್ಮನಿಗೆ ಕಿಟಕಿ ಸಿಗಲಿಲ್ಲ" ಅಂತ ಡಾಕ್ಟರ್ ಹೇಳಿದರೆ ಅದು ಇದೇ, ಅವರಿಗೆ ಕೆಲಸ ಬರಲ್ಲ ಅಂತಲ್ಲ.

ತಲೆಗೆ ಪೆಟ್ಟು ಬಿದ್ರೆ ಕಣ್ಣಿಗೆ ಯಾಕೆ ಜೆಲ್ ಹಚ್ಚಿದ್ರು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಕಣ್ಣಿನಿಂದ ಮೆದುಳಿಗೆ ಹೋಗುವ ನರದ ಸುತ್ತ ಒಂದು ಪೊರೆ ಇರುತ್ತದೆ. ಅದು ಮೆದುಳಿನ ಪೊರೆಯದ್ದೇ ಮುಂದುವರಿಕೆ, ಅದರೊಳಗೆ ಇರುವುದೂ ಮೆದುಳಿನ ಸುತ್ತ ಇರುವ ಅದೇ ನೀರು. ಬುರುಡೆಯೊಳಗೆ ಒತ್ತಡ ಏರಿದರೆ ಆ ನೀರು ಈ ಕಡೆ ನುಗ್ಗಿ ಪೊರೆ ಉಬ್ಬುತ್ತದೆ. ರೆಪ್ಪೆ ಮುಚ್ಚಿ, ಮೇಲೆ ಜೆಲ್ ಹಾಕಿ, ಕಣ್ಣುಗುಡ್ಡೆಯ ಹಿಂದೆ 3 ಮಿ.ಮೀ. ದೂರದಲ್ಲಿ ಆ ಪೊರೆಯ ಅಗಲ ಅಳೆಯುತ್ತಾರೆ. 5 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಸಮಾಧಾನ. 6 ದಾಟಿದರೆ ಒಳಗೆ ಒತ್ತಡ ಇರುವ ಸಂಭವ ಜಾಸ್ತಿ. ನಡುವೆ ಇದ್ದರೆ ಆ ಒಂದು ಅಂಕಿ ಇಟ್ಟುಕೊಂಡು ಯಾರೂ ಆಪರೇಷನ್ನಿಗೆ ಓಡುವುದಿಲ್ಲ. ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಗಡಿ ಹಾಕಿವೆ, ಎಲ್ಲವೂ ಹೆಚ್ಚುಕಮ್ಮಿ ಈ 5 ಮತ್ತು 6ರ ನಡುವೆಯೇ ಬರುತ್ತವೆ.

ಕಣ್ಣಿಗೆ ತೊಂದರೆ ಇಲ್ವಾ ಅಂತ ಜೊತೆಗೇ ಕೇಳುತ್ತಾರೆ. ಇದರಲ್ಲಿ ಎಕ್ಸ್‌ರೇ ಇಲ್ಲ. ಯಂತ್ರವನ್ನು ಕಣ್ಣಿನ ಸೆಟ್ಟಿಂಗಿಗೆ ಇಟ್ಟು, ಒತ್ತದೆ, ಬೇಗ ಮುಗಿಸಿದರೆ ಸಾಕು. ಕಣ್ಣುಗುಡ್ಡೆಯೇ ಒಡೆದಿರುವ ಅನುಮಾನ ಇದ್ದರೆ ಮಾತ್ರ ಪ್ರೋಬ್ ಇಡಬಾರದು.

ಇನ್ನೊಂದು ಉಪಯೋಗ ಇದೆ, ನನಗೆ ಇದು ಬಹಳ ಇಷ್ಟ. ಮುಖಕ್ಕೆ ಪೆಟ್ಟು ಬಿದ್ದು ರೆಪ್ಪೆ ಬಿಡಿಸಲಾಗದಷ್ಟು ಊದಿಕೊಂಡಿರುತ್ತದೆ, ಟಾರ್ಚ್ ಹಾಕಿ ಪಾಪೆ ನೋಡುವುದು ಆಗುವುದೇ ಇಲ್ಲ. ಆಗ ಊದಿದ ರೆಪ್ಪೆಯ ಮೇಲೇ ಪ್ರೋಬ್ ಇಟ್ಟು, ಇನ್ನೊಂದು ಕಣ್ಣಿಗೆ ಬೆಳಕು ಬಿಟ್ಟು, ಪಾಪೆ ಕಿರಿದಾಗುತ್ತದಾ ಇಲ್ವಾ ಅಂತ ಪರದೆಯಲ್ಲಿ ನೋಡಬಹುದು.

ಹಂಗಾದ್ರೆ ಸಿಟಿ ಬದಲು ಇದನ್ನೇ ಮಾಡಿದ್ರೆ ಆಯ್ತಲ್ಲ, ದುಡ್ಡೂ ಉಳಿಯುತ್ತೆ?

ಇಲ್ಲ. ತಲೆಗೆ ಜೋರು ಪೆಟ್ಟು ಬಿದ್ದವರಿಗೆ ಮೊದಲ ಪರೀಕ್ಷೆ ಸಿಟಿಯೇ. ರಕ್ತ ಎಲ್ಲಿದೆ, ಎಷ್ಟಿದೆ, ಮೂಳೆ ಒಡೆದಿದೆಯಾ, ಹಿಂದಲೆಯಲ್ಲಿ ಏನಿದೆ, ಇವೆಲ್ಲ ಅಲ್ಟ್ರಾಸೌಂಡಿಗೆ ಸರಿಯಾಗಿ ಸಿಗುವುದಿಲ್ಲ. ಅಲ್ಟ್ರಾಸೌಂಡ್ ಬೇಕಾಗುವುದು ಆಮೇಲೆ. ವೆಂಟಿಲೇಟರ್ ಮೇಲಿರುವ ಮನುಷ್ಯನನ್ನು ಗಂಟೆಗೊಂದು ಸಲ ಟ್ರಾಲಿ ಮೇಲೆ ಹಾಕಿ ಸಿಟಿ ರೂಮಿಗೆ ಒಯ್ಯಲು ಆಗುವುದಿಲ್ಲ. ಹಾಗೆ ಒಯ್ಯುವಾಗಲೇ ಬಿಪಿ ಬೀಳುವುದು, ಟ್ಯೂಬ್ ಜಾರುವುದು ಆಗಬಹುದು. ಒಂದು ಸಿಟಿಗೂ ಇನ್ನೊಂದು ಸಿಟಿಗೂ ನಡುವಿನ ಹೊತ್ತಿನಲ್ಲಿ ಒಳಗೆ ಏನಾಗುತ್ತಿದೆ ಅನ್ನುವುದೇ ಅಲ್ಟ್ರಾಸೌಂಡಿನ ಕೆಲಸ.

## ಆಪರೇಷನ್ ಬೇಕಾ, ಯಾವಾಗ?

ನಿನ್ನೆ ಆಪರೇಷನ್ ಬೇಡ ಅಂದ್ರು. ಇವತ್ತು ಬೆಳಿಗ್ಗೆ ಈಗ್ಲೇ ಸೈನ್ ಹಾಕಿ ಅಂತಾರೆ. ಇದು ದುಡ್ಡಿಗಾ?

ಅನುಮಾನ ಬರುವುದು ಸಹಜ, ನಾನು ಬೈಯಲ್ಲ. ಆದರೆ ತಲೆ ಪೆಟ್ಟಿನಲ್ಲಿ ಒಂದೇ ರಾತ್ರಿಯಲ್ಲಿ ಮಾತು ಬದಲಾಗುವುದು ನಿಜವಾಗಿ ಆಗುತ್ತದೆ.

ಬುರುಡೆ ಅನ್ನುವುದು ಹಬ್ಬದ ದಿನದ ತುಂಬಿದ ಬಸ್ಸು. ಒಳಗೆ ಮೆದುಳು ಸುಮಾರು 80 ಭಾಗ, ರಕ್ತ ಸುಮಾರು 10, ನೀರು ಸುಮಾರು 10. ಹೊಸದಾಗಿ ಯಾರಾದರೂ ಹತ್ತಬೇಕಾದರೆ ಯಾರಾದರೂ ಇಳಿಯಲೇಬೇಕು. ಹೆಪ್ಪುಗಟ್ಟಿದ ರಕ್ತ ಬೆಳೆದಾಗ ಅಥವಾ ಮೆದುಳು ಊದಿಕೊಂಡಾಗ ಮೊದಲು ನೀರು ಬೆನ್ನುಹುರಿ ಕಡೆ ಸರಿದು ಜಾಗ ಕೊಡುತ್ತದೆ, ಸ್ವಲ್ಪ ರಕ್ತವೂ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ಒತ್ತಡ ಏರುವುದೇ ಇಲ್ಲ, ಪೇಷೆಂಟ್ ಚೆನ್ನಾಗೇ ಇದ್ದ ಹಾಗೆ ಕಾಣುತ್ತಾರೆ. ಆ ಜಾಗ ಮುಗಿದ ಮೇಲೆ ಸ್ವಲ್ಪವೇ ಸ್ವಲ್ಪ ಊತಕ್ಕೂ ಒತ್ತಡ ಸಟ್ಟನೆ ಏರುತ್ತದೆ. ದೊಡ್ಡವರಲ್ಲಿ ಸಾಮಾನ್ಯ ಒತ್ತಡ ಸುಮಾರು 5ರಿಂದ 15 ಮಿ.ಮೀ. ಪಾದರಸ. ಅದು 22 ದಾಟಿದರೆ ಚಿಕಿತ್ಸೆ ಮಾಡಬೇಕು ಅನ್ನುತ್ತದೆ ಬ್ರೇನ್ ಟ್ರಾಮಾ ಫೌಂಡೇಶನ್ನಿನ 2016ರ ಮಾರ್ಗಸೂಚಿ.

ಈಗ ರಾತ್ರಿ ಏನಾಯಿತು ನೋಡಿ. ಸಂಜೆ ಕಣ್ಣಿನ ನರದ ಪೊರೆ 4.8 ಇತ್ತು ಅಂದುಕೊಳ್ಳಿ, ನಡುರಾತ್ರಿ 5.4, ಬೆಳಗಿನ ಜಾವ 6.1. ನಡುಗೆರೆ ಸಂಜೆ 2 ಮಿ.ಮೀ. ಸರಿದಿತ್ತು, ಈಗ 5. ಇಷ್ಟರಲ್ಲಿ ಮಂಚದ ತಲೆ ಕಡೆಯನ್ನು 30 ಡಿಗ್ರಿ ಎತ್ತಿ, ಊತ ಇಳಿಸಲು ಮ್ಯಾನಿಟಾಲ್ ಅಥವಾ 3% ಉಪ್ಪುನೀರು ಕೊಟ್ಟಿರುತ್ತಾರೆ, ಆದರೂ ನಿಂತಿಲ್ಲ. ಆಗ ಡಾಕ್ಟರ್ ಮತ್ತೆ ಸಿಟಿ ಮಾಡಿಸುತ್ತಾರೆ, ಸಿಟಿ ಹೌದು ಅಂದರೆ ಓಟಿಗೆ. ಅಂಕಿಗಳನ್ನು ನಾನು ಉದಾಹರಣೆಗೆ ಹೇಳಿದ್ದು, ದಾರಿ ಮಾತ್ರ ಇದೇ. ಒಂದು ಅಳತೆಗೆ ಬೆಲೆ ಕಮ್ಮಿ, ಏರುತ್ತಾ ಹೋಗುವ ಮೂರು ಅಳತೆಗೆ ಬೆಲೆ ಜಾಸ್ತಿ. ಹಾಗಾಗಿ ಸೈನ್ ಹಾಕುವ ಮೊದಲು "ನಿನ್ನೆಯಿಂದ ಏನು ಬದಲಾಯಿತು, ತೋರಿಸಿ" ಅಂತ ಧಾರಾಳವಾಗಿ ಕೇಳಿ. ಆದರೆ ಕೇಳುತ್ತಾ ಅರ್ಧ ದಿನ ಕಳೆಯಬೇಡಿ.

ಎಷ್ಟು ರಕ್ತ ಇದ್ರೆ ಆಪರೇಷನ್ ಮಾಡ್ಲೇಬೇಕು?

ಪುಸ್ತಕದ ಲೆಕ್ಕ ಹೀಗಿದೆ. ಮೂಳೆಗೂ ಪೊರೆಗೂ ನಡುವಿನ ರಕ್ತ 30 ಮಿ.ಲೀ. ದಾಟಿದರೆ, ಪೇಷೆಂಟ್ ಮಾತಾಡುತ್ತಿದ್ದರೂ ತೆಗೆಯಬೇಕು. ಪೊರೆಯ ಕೆಳಗಿನ ಹೊಸ ರಕ್ತ 10 ಮಿ.ಮೀ.ಗಿಂತ ದಪ್ಪ ಇದ್ದರೆ, ಅಥವಾ ನಡುಗೆರೆ 5 ಮಿ.ಮೀ.ಗಿಂತ ಜಾಸ್ತಿ ಸರಿದಿದ್ದರೆ ತೆಗೆಯಬೇಕು. ಇದು 2006ರ ಸರ್ಜರಿ ಮಾರ್ಗಸೂಚಿ, ಇದನ್ನೆಲ್ಲ ಅಳೆಯುವುದು ಸಿಟಿಯಲ್ಲಿ. ಇದರಲ್ಲಿ ಅಲ್ಟ್ರಾಸೌಂಡ್ ಚೆನ್ನಾಗಿ ಹಿಂಬಾಲಿಸಬಲ್ಲದ್ದು ನಡುಗೆರೆಯೊಂದನ್ನೇ. ಎಡ ಕಣತಲೆಯಿಂದ ಮೆದುಳಿನ ನಡುವಿನ ಮೂರನೇ ಕೋಣೆಗೆ ಎಷ್ಟು ದೂರ, ಬಲದಿಂದ ಎಷ್ಟು ದೂರ ಅಂತ ಅಳೆದು, ಒಂದರಲ್ಲಿ ಇನ್ನೊಂದು ಕಳೆದು, ಎರಡರಿಂದ ಭಾಗಿಸುತ್ತಾರೆ. ಎಡದಿಂದ 72, ಬಲದಿಂದ 62 ಬಂದರೆ ನಡುಗೆರೆ 5 ಮಿ.ಮೀ. ಸರಿದಿದೆ. ಇಷ್ಟೇ ಲೆಕ್ಕ.

ಬೈಕಿಂದ ಬಿದ್ದು ತಲೆಗೂ ಹೊಟ್ಟೆಗೂ ಪೆಟ್ಟಾಗಿತ್ತು. ತಲೆ ಬಿಟ್ಟು ಮೊದ್ಲು ಹೊಟ್ಟೆ ಕೊಯ್ದ್ರು. ಇದ್ಯಾವ ನ್ಯಾಯ?

ನ್ಯಾಯವೇ. ದೊಡ್ಡವರಲ್ಲಿ ಬುರುಡೆಯೊಳಗಿನ ರಕ್ತದಿಂದ ಬಿಪಿ ಕುಸಿಯುವುದು ಅಪರೂಪ, ಅಲ್ಲಿ ಅಷ್ಟು ರಕ್ತ ಹಿಡಿಸುವ ಜಾಗವೇ ಇಲ್ಲ. ಬಿಪಿ ಬೀಳುತ್ತಿದ್ದರೆ ಎದೆ, ಹೊಟ್ಟೆ, ಸೊಂಟದ ಮೂಳೆ, ತೊಡೆ ನೋಡಬೇಕು. ಕ್ಯಾಶುವಾಲ್ಟಿಯಲ್ಲಿ ಬಂದ ಕೂಡಲೇ ಹೊಟ್ಟೆಗೆ ಎದೆಗೆ ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ನೋಡುವುದು ಇದಕ್ಕೇ. ಹೊಟ್ಟೆಯಲ್ಲಿ ರಕ್ತ ತುಂಬಿದ್ದು ಬಿಪಿ ನಿಲ್ಲದಿದ್ದರೆ ಮೊದಲು ಅದನ್ನು ಕಟ್ಟಬೇಕು. ಬಿಪಿ ಇಲ್ಲದೆ ಮೆದುಳಿಗೆ ರಕ್ತ ಹೋಗುವುದಿಲ್ಲ, ಪೆಟ್ಟು ಬಿದ್ದ ಮೆದುಳಿಗೆ ಅದು ಎರಡನೇ ಪೆಟ್ಟು. ಇಂಥ ಹೊತ್ತಲ್ಲಿ ಹೊಟ್ಟೆಯ ಆಪರೇಷನ್ ನಡೆಯುವಾಗಲೇ ಕಣ್ಣಿನ ನರ, ಕಣತಲೆಯಿಂದ ಮೆದುಳಿನ ರಕ್ತನಾಳ ನೋಡುತ್ತಾ ಇದ್ದು, ತಲೆ ಹದಗೆಡುತ್ತಿದ್ದರೆ ಅದೇ ಟೇಬಲ್ ಮೇಲೆ ನ್ಯೂರೋಸರ್ಜನ್ನರನ್ನೂ ಕರೆಯಬಹುದು.

ಇಲ್ಲೇ ಇರೋದಾ, ಬೆಂಗಳೂರಿಗೆ ಕರ್ಕೊಂಡು ಹೋಗೋದಾ?

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಚಿತ್ರದುರ್ಗದಿಂದ ಸುಮಾರು 200. ಪೊರೆಯ ಕೆಳಗಿನ ರಕ್ತವನ್ನು 4 ಗಂಟೆಯೊಳಗೆ ತೆಗೆದವರಲ್ಲಿ ಸಾವು 30%, ಅದಕ್ಕಿಂತ ತಡವಾದವರಲ್ಲಿ 90% ಅಂತ 1981ರಲ್ಲಿ ಅಮೆರಿಕದ ಒಂದು ವರದಿ ಹೇಳಿತ್ತು. ಆಮೇಲಿನ ಎಲ್ಲ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಅಂತರ ಬರಲಿಲ್ಲ, ನಿಜ. ಆದರೂ ಒಂದು ಪಾಪೆ ಹಿಗ್ಗಿ, ಪ್ರಜ್ಞೆ ಇಳಿಯುತ್ತಿರುವವರನ್ನು ಹತ್ತಿರದಲ್ಲಿ ಆಪರೇಷನ್ ಮಾಡುವವರು ಇರುವಾಗ ನಾಲ್ಕೈದು ಗಂಟೆ ಆಂಬುಲೆನ್ಸಲ್ಲಿ ಒಯ್ಯುವುದು ನನ್ನ ಪ್ರಕಾರ ತಪ್ಪು ಲೆಕ್ಕ. "ದೊಡ್ಡ ಆಸ್ಪತ್ರೆ" ಅನ್ನುವ ಮಾತಿಗೆ ಮರುಳಾಗಿ ತುಮಕೂರು ಹತ್ತಿರ ದಾರಿಯಲ್ಲೇ ಪೇಷೆಂಟ್ ಕೆಟ್ಟರೆ ಅಲ್ಲಿ ಏನೂ ಮಾಡಲು ಆಗುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನಿಂದ ಬರುವವರಿಗೆ ಪ್ರಶ್ನೆ ಬೇರೆ: ಎಷ್ಟು ಬೇಗ ಹೊರಡಬೇಕು? ತಾಲೂಕು ಆಸ್ಪತ್ರೆಯಲ್ಲಿ ಸಿಟಿ ಇಲ್ಲದಿದ್ದರೆ, ಕಣ್ಣಿನ ನರ ನೋಡಲು ಬರುವವರು ಇದ್ದರೆ, ಆ ಅಳತೆ ರೆಫರ್ ಮಾಡಲು ಬಲ ಕೊಡುತ್ತದೆ. ಆದರೆ ಅಳತೆ ಸರಿ ಇದೆ ಅಂತ ಪ್ರಜ್ಞೆ ಇಲ್ಲದವರನ್ನು ಅಲ್ಲೇ ಇಟ್ಟುಕೊಳ್ಳುವಂತಿಲ್ಲ.

ದುಡ್ಡಿನ ವಿಷಯ: ರಸ್ತೆ ಅಪಘಾತಕ್ಕೆ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ 2025ರಲ್ಲಿ ಬಂದಿದೆ. ಗುರುತಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ. ಸೇರಿಸುವಾಗಲೇ ಕೇಳಿ.

ಸಣ್ಣ ಮಗು ಮಂಚದಿಂದ ಬಿದ್ದಿದೆ. ಅದಕ್ಕೂ ಇದೇನಾ?

ಕೂಸಿಗೆ ಇನ್ನೂ ಸುಲಭ, ನೆತ್ತಿ ಮೆತ್ತಗಿರುತ್ತದಲ್ವಾ, ಅಲ್ಲಿಂದಲೇ ಒಳಗೆ ನೋಡಬಹುದು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ನೆತ್ತಿ ಮುಚ್ಚುತ್ತದೆ. ಆದರೆ ಮೂಳೆಗೆ ಅಂಟಿಕೊಂಡ ತೆಳು ರಕ್ತ ಈ ದಾರಿಯಲ್ಲಿ ತಪ್ಪಿಹೋಗಬಹುದು. ಮಗು ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ನೆತ್ತಿ ಉಬ್ಬಿದ್ದರೆ ಸಿಟಿ ಬೇಡ ಅಂತ ಹಟ ಹಿಡಿಯಬೇಡಿ.

## ಸ್ವಲ್ಪ ಆಳಕ್ಕೆ

ಟಿಸಿಡಿ ರಿಪೋರ್ಟಲ್ಲಿ ಪಿಐ 1.6 ಅಂತ ಬರೆದಿದ್ದಾರೆ. ಜಾಸ್ತೀನಾ?

ಜಾಸ್ತಿ. ಟಿಸಿಡಿ ಅಂದರೆ ಕಣತಲೆಯಿಂದ ಮೆದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ವೇಗದಲ್ಲಿ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್. ರೂನೆ ಓಸ್ಲಿಡ್ ಮತ್ತು ಜೊತೆಯವರು 1982ರಲ್ಲಿ ಇದನ್ನು ತೋರಿಸಿಕೊಟ್ಟರು. ಹೃದಯ ಒತ್ತಿದಾಗಿನ ವೇಗದಲ್ಲಿ ಹೃದಯ ಸಡಿಲವಾದಾಗಿನ ವೇಗ ಕಳೆದು, ಸರಾಸರಿ ವೇಗದಿಂದ ಭಾಗಿಸಿದರೆ ಪಿಐ. ಸಾಮಾನ್ಯವಾಗಿ ಅದು 1ರ ಆಸುಪಾಸು ಅಥವಾ ಕೆಳಗೆ. ಹೊರಗಿನಿಂದ ಒತ್ತಡ ಬಿದ್ದಾಗ ಹೃದಯ ಸಡಿಲವಾಗಿರುವ ಹೊತ್ತಲ್ಲಿ ರಕ್ತ ಒಳಗೆ ಹೋಗಲು ತಿಣುಕಾಡುತ್ತದೆ, ಆಗ ಪಿಐ ಏರುತ್ತದೆ. 1.4 ದಾಟಿ, ಸಡಿಲ ಹೊತ್ತಿನ ವೇಗ ಸೆಕೆಂಡಿಗೆ 20 ಸೆಂ.ಮೀ.ಗಿಂತ ಕೆಳಗೆ ಬಂದಿದ್ದರೆ ಡಾಕ್ಟರ್ ಗಾಬರಿಯಾಗುವುದು ಸರಿ.

ಆದರೆ ಪಿಐ ಮೋಸ ಮಾಡುತ್ತದೆ. ವೆಂಟಿಲೇಟರ್ ಜಾಸ್ತಿ ಓಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದ್ದರೂ, ಬಿಪಿ ಕಮ್ಮಿ ಇದ್ದರೂ ಇದೇ ಅಂಕಿ ಬರುತ್ತದೆ. ಅವೆರಡನ್ನು ಸರಿ ಮಾಡಿ ಮತ್ತೊಮ್ಮೆ ನೋಡದೆ ಬುರುಡೆ ತೆಗೆಯುವ ಮಾತಾಡಬಾರದು. ಟಿಸಿಡಿ ಚೆನ್ನಾಗಿದ್ದರೆ "ಈಗ ಒತ್ತಡ ಇರುವ ಸಂಭವ ಕಮ್ಮಿ" ಅಂತ ಹೇಳಬಹುದು. ಕೆಟ್ಟಿದ್ದರೆ "ಒತ್ತಡ ಇರಬಹುದು, ಹುಡುಕಿ" ಅಂತ ಮಾತ್ರ.

ತಲೆಯೊಳಗೆ ತಂತಿ ಹಾಕಿ ನೇರವಾಗಿ ಒತ್ತಡ ನೋಡೋ ಮೆಷಿನ್ ಇದೆಯಂತಲ್ಲ, ಅದೇ ಒಳ್ಳೇದಲ್ವಾ?

ಅಳತೆಯ ಮಟ್ಟಿಗೆ ಅದೇ ಒಳ್ಳೆಯದು. ಹಗಲೂ ರಾತ್ರಿ ಬಿಡದೆ ಅಂಕಿ ತೋರಿಸುತ್ತದೆ, ಅಲ್ಟ್ರಾಸೌಂಡ್ ಕೈ ಇಟ್ಟಾಗ ಮಾತ್ರ. ಆದರೆ ಅದಕ್ಕೆ ಬುರುಡೆ ಕೊರೆಯಬೇಕು, ಸೋಂಕು, ರಕ್ತಸ್ರಾವದ ಭಯ ಇದೆ, ಖರ್ಚೂ ಇದೆ. ಬೊಲಿವಿಯಾ, ಈಕ್ವಡಾರ್‌ನ ಐಸಿಯುಗಳಲ್ಲಿ ನಡೆದ ಒಂದು ಟ್ರಯಲ್ 2012ರಲ್ಲಿ ಬಂತು. ತಂತಿ ಹಾಕಿ ಚಿಕಿತ್ಸೆ ಮಾಡಿದವರಿಗೂ, ಸಿಟಿ ಮತ್ತು ಮೈ ಪರೀಕ್ಷೆ ನೋಡಿ ಚಿಕಿತ್ಸೆ ಮಾಡಿದವರಿಗೂ ಕೊನೆಗೆ ದೊಡ್ಡ ವ್ಯತ್ಯಾಸ ಬರಲಿಲ್ಲ. ಇದನ್ನು "ತಂತಿ ದಂಡ" ಅಂತ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಗಂಟೆಗಂಟೆಗೂ ಪೇಷೆಂಟನ್ನು ಮುಟ್ಟಿ ನೋಡಿದರೆ ತಂತಿ ಇಲ್ಲದೆಯೂ ಚೆನ್ನಾಗಿ ನೋಡಿಕೊಳ್ಳಬಹುದು ಅಂತ ಓದುತ್ತೇನೆ. ಆ ಮುಟ್ಟಿ ನೋಡುವುದರಲ್ಲಿ ಪ್ರೋಬೂ ಒಂದು.

ಓಟಿ ಒಳಗೆ ಬುರುಡೆ ತೆಗೆದಾದ ಮೇಲೂ ಅಲ್ಟ್ರಾಸೌಂಡ್ ತರಿಸ್ತಾರಂತೆ. ಎಲ್ಲಾ ಕಣ್ಣೆದುರಿಗೇ ಇರುತ್ತಲ್ಲ?

ಕಣ್ಣೆದುರು ಇರುವುದು ಮೆದುಳಿನ ಮೇಲ್ಮೈ ಮಾತ್ರ. ಸರ್ಜನ್‌ಗಳ ಎದೆ ಝಲ್ ಅನ್ನಿಸುವ ಹೊತ್ತು ಒಂದಿದೆ. ಬಲಗಡೆ ರಕ್ತ ತೆಗೆದಾಗಿದೆ, ಇನ್ನು ಹೊಲಿಯಬೇಕು, ಅಷ್ಟರಲ್ಲಿ ಮೆದುಳು ಉಬ್ಬಿ ಹೊರಗೆ ಬರತೊಡಗುತ್ತದೆ. ಯಾಕೆ? ಕತ್ತು ತಿರುಚಿ ರಕ್ತನಾಳ ಒತ್ತಿರಬಹುದು, ಇಂಗಾಲದ ಡೈಆಕ್ಸೈಡ್ ಏರಿರಬಹುದು, ಮೆದುಳೇ ಊದುತ್ತಿರಬಹುದು. ಅಥವಾ, ಇದೇ ಕಳ್ಳ, ಎಡಗಡೆ ಮೂಳೆಯ ಕೆಳಗೆ ಹೊಸ ರಕ್ತ ತುಂಬುತ್ತಿರಬಹುದು. ಬಲಗಡೆಯ ಒತ್ತಡ ಅಷ್ಟು ಹೊತ್ತು ಅದನ್ನು ಅದುಮಿ ಹಿಡಿದಿರುತ್ತದೆ, ಬಿಡಿಸಿದ ಕೂಡಲೇ ಅದು ಬೆಳೆಯುತ್ತದೆ. ಎಡಗಡೆ ಮೂಳೆ ಒಡೆದಿದ್ದವರಲ್ಲಿ ಈ ಅನುಮಾನ ಜಾಸ್ತಿ ಇಟ್ಟುಕೊಳ್ಳಬೇಕು.

ಸಿಟಿಗೆ ಒಯ್ಯಬೇಕಾದರೆ ಹೇಗೋ ಮುಚ್ಚಿ, ಟ್ರಾಲಿಗೆ ಹಾಕಿ, ಲಿಫ್ಟಿಗೆ ಕಾಯಬೇಕು. ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ ಸಲೈನ್ ಬಿಟ್ಟು ಮೆದುಳಿನ ಮೇಲೆ ಮೆಲ್ಲಗೆ ಇಟ್ಟರೆ, ಈಗ ಮೂಳೆಯ ಅಡ್ಡಿ ಇಲ್ಲವಲ್ಲ, ಆಚೆ ಕಡೆಯ ತನಕ ಕಾಣುತ್ತದೆ. ಅಷ್ಟು ದೂರಕ್ಕೆ ಕಡಿಮೆ ಮೆಗಾಹರ್ಟ್ಸ್ ಪ್ರೋಬ್ ಬೇಕು. ಹತ್ತಿರದ್ದು ಬಿಡಿಸಿ ನೋಡಲು ಜಾಸ್ತಿಯದ್ದು. ಎಡಗಡೆ ರಕ್ತ ಕಂಡರೆ ಈ ಕಡೆ ಬೇಗ ಮುಚ್ಚಿ ಆ ಕಡೆ ತೆರೆಯುವ ನಿರ್ಧಾರ ಟೇಬಲ್ ಮೇಲೇ ಆಗುತ್ತದೆ. ಏನೂ ಕಾಣದಿದ್ದರೆ ಊತಕ್ಕೆ ಮದ್ದು, ಮೂಳೆ ವಾಪಸ್ ಇಡದೆ ಹೊಲಿಗೆ.

ಆಳದಲ್ಲಿ ಗಡ್ಡೆಯಾಗಿ ನಿಂತ ರಕ್ತವನ್ನು ಹತ್ತಿರದ ದಾರಿಯಲ್ಲಿ ತಲುಪಲು, ಇನ್ನೂ ಉಳಿದಿದೆಯಾ ಅಂತ ನೋಡಲು, ನೀರಿನ ಕೋಣೆಗೆ ಕೊಳವೆ ಇಳಿಸಲು ಕೂಡ ಇದು ಬೇಕಾಗುತ್ತದೆ. ಹೊಸ ರಕ್ತ ಪರದೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ತೊಂದರೆ ಏನೆಂದರೆ ಜಜ್ಜಿದ ಮೆದುಳೂ ಬೆಳ್ಳಗೇ ಕಾಣುತ್ತದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಪಳಗಿದ ಕಣ್ಣೇ ಬೇಕು. ಗಾಳಿಗುಳ್ಳೆ ಸೇರಿದರಂತೂ ಚಿತ್ರ ಹಾಳು.

ಬುರುಡೆ ತುಂಡು ತೆಗೆದು ಹೊಟ್ಟೆಯಲ್ಲಿ ಇಟ್ಟಿದ್ದಾರೆ. ಉಳೀತಾರಾ? ಈಗ್ಲೂ ಸ್ಕ್ಯಾನಿಂಗ್ ಯಾಕೆ ಮಾಡ್ತಾರೆ?

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮದ್ದಿಗೆ ಬಗ್ಗದ ಒತ್ತಡ ಇದ್ದವರ ಮೇಲೆ ನಡೆದ ರೆಸ್ಕ್ಯೂ ಐಸಿಪಿ ಟ್ರಯಲ್ (2016) ಪ್ರಕಾರ 6 ತಿಂಗಳಲ್ಲಿ ಸತ್ತವರು ಮದ್ದಷ್ಟೇ ಕೊಟ್ಟವರಲ್ಲಿ 48.9%, ಬುರುಡೆ ತೆಗೆದವರಲ್ಲಿ 26.9%. ಆದರೆ ಕಣ್ಣು ಬಿಟ್ಟರೂ ಅರಿವಿಲ್ಲದೆ ಉಳಿದವರು ಅಲ್ಲಿ 2.1%, ಇಲ್ಲಿ 8.5%. ಜೀವ ಉಳಿಸುತ್ತದೆ, ಯಾವ ಥರದ ಜೀವ ಅನ್ನುವುದನ್ನು ಮೊದಲೇ ಹೇಳಲು ಆಗುವುದಿಲ್ಲ. ಇದನ್ನು ಸಹಿ ಹಾಕಿಸುವ ಮೊದಲೇ ಮನೆಯವರಿಗೆ ಹೇಳಬೇಕು.

ಸ್ಕ್ಯಾನಿಂಗ್ ಯಾಕೆಂದರೆ, ಮೂಳೆ ಇಲ್ಲದ ಜಾಗದಲ್ಲಿ ಚರ್ಮದ ಮೇಲಿಂದಲೇ ಮೆದುಳು ಚೆನ್ನಾಗಿ ಕಾಣುತ್ತದೆ. ನೀರಿನ ಕೋಣೆ ದೊಡ್ಡದಾಗುತ್ತಿದೆಯಾ, ಪೊರೆ ಕೆಳಗೆ ನೀರು ಸೇರುತ್ತಿದೆಯಾ, ನಡುಗೆರೆ ವಾಪಸ್ ಬಂತಾ ಅಂತ ನೋಡಿಕೊಂಡು, ಶಂಟ್ (ಹೆಚ್ಚಾದ ನೀರು ಹರಿಸುವ ಕೊಳವೆ) ಬೇಕಾ, ಹೊಟ್ಟೆಯ ಚರ್ಮದ ಕೆಳಗೆ ಜೋಪಾನವಾಗಿಟ್ಟ ಮೂಳೆಯನ್ನು ಯಾವಾಗ ವಾಪಸ್ ಕೂರಿಸುವುದು ಅಂತ ತೀರ್ಮಾನ ಮಾಡುತ್ತಾರೆ. ಆ ಜಾಗಕ್ಕೆ ಮಾತ್ರ ಪ್ರೋಬ್ ಒತ್ತಬಾರದು.

ಟಿಸಿಡಿಯಲ್ಲಿ ಮೆದುಳಿಗೆ ರಕ್ತ ಹೋಗ್ತಿಲ್ಲ ಅಂದ್ರು. ಹಂಗಾದ್ರೆ ಮುಗೀತಾ?

ರಕ್ತ ಮುಂದೆ ಹೋಗಿ ಅಷ್ಟೇ ಹಿಂದೆ ಬರುವ ಅಲೆ ಕಂಡರೆ ಅದು ಬಹಳ ಕೆಟ್ಟ ಗುರುತು, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಅಂತ ಡಾಕ್ಟರ್ ಹೇಳುವುದೂ ಉಂಟು. ಆದರೆ ಅದೊಂದರಿಂದಲೇ ಮೆದುಳು ಸತ್ತಿದೆ ಅಂತ ಘೋಷಿಸುವಂತಿಲ್ಲ. ಅಂಗಾಂಗ ಕಸಿಗೆ ಸಂಬಂಧಪಟ್ಟ 1994ರ ಕಾಯಿದೆ ಪ್ರಕಾರ ನಾಲ್ವರು ಡಾಕ್ಟರ್‌ಗಳ ತಂಡ, ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು.

ಮೆಷಿನ್ ಎಲ್ಲಾ ಕಡೆ ಇದೆ. ಮತ್ತೆ ಎಲ್ರೂ ಯಾಕೆ ಮಾಡಲ್ಲ?

ಎರಡು ಕಾರಣ. ಒಂದು ಕಾನೂನು. ಹೆಣ್ಣು ಭ್ರೂಣ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯಿದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವನ್ನೂ ನೋಂದಾಯಿಸಬೇಕು, ಕೈಯಲ್ಲಿ ಹಿಡಿಯುವಂಥದ್ದನ್ನೂ. ಅದನ್ನು ಬೇಕಾದಲ್ಲಿಗೆ ಬ್ಯಾಗಲ್ಲಿ ಹಾಕಿಕೊಂಡು ಹೋಗುವಂತಿಲ್ಲ. ಕಾಯಿದೆ ಯಾಕೆ ಬಂತು ಅಂತ ನಮಗೆಲ್ಲ ಗೊತ್ತು, ಅದರ ಬಗ್ಗೆ ಜಗಳ ಇಲ್ಲ. ಆದರೆ ಅದರಿಂದಾಗಿ ಯಂತ್ರ ಒಂದು ರೂಮಿನಲ್ಲಿ ಬೀಗ ಹಾಕಿಕೊಂಡು ಕೂತು, ಐಸಿಯು ಕೈಗೆ ರಾತ್ರಿ 2 ಗಂಟೆಗೆ ಸಿಗದಿರುವುದೂ ಉಂಟು. ಆಸ್ಪತ್ರೆಯವರು ಐಸಿಯುಗೇ ಒಂದು ಯಂತ್ರ ನೋಂದಾಯಿಸಿ ಇಟ್ಟರೆ ಈ ಗೋಳು ತಪ್ಪುತ್ತದೆ.

ಎರಡನೇದು ಕೈ. ಕಣ್ಣಿನ ನರದಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಆದರೆ ನಿರ್ಧಾರವೇ ತಿರುಗುತ್ತದೆ. ಬೆಳಿಗ್ಗೆ ಒಬ್ಬರು ಒಂದು ಥರ, ರಾತ್ರಿ ಇನ್ನೊಬ್ಬರು ಇನ್ನೊಂದು ಥರ ಅಳೆದರೆ ಆ ಚಾರ್ಟನ್ನು ನಂಬುವುದು ಕಷ್ಟ. ಕಲಿಯುವ ಹುಡುಗರಿಗೆ ನಾನು ಹೇಳುವುದು, ಮೊದಲು ಚೆನ್ನಾಗಿರುವವರ ಕಣ್ಣು ಸಾಕಷ್ಟು ನೋಡಿ, ಪ್ರತಿ ಕಣ್ಣಿಗೂ ಎರಡು ಸಲ ಅಳೆಯಿರಿ, ಪೊರೆಯ ಹೊರಗಿನ ಅಂಚಾ ಒಳಗಿನ ಅಂಚಾ ಅಂತ ಇಡೀ ಯೂನಿಟ್ ಒಂದೇ ರೂಢಿ ಇಟ್ಟುಕೊಳ್ಳಿ. ಅಂಕಿಯ ಪಕ್ಕದಲ್ಲಿ ಗಂಟೆ, ಆಗಿನ ಬಿಪಿ, ಅಳೆದವರ ಹೆಸರು ಬರೆಯಿರಿ. ಬರೀ "ಕಣ್ಣಿನ ನರ ದಪ್ಪ ಇದೆ" ಅಂತ ಬರೆದಿಟ್ಟರೆ ಮುಂದಿನ ಡ್ಯೂಟಿಯವರು ಹೋಲಿಸಲು ಏನೂ ಉಳಿಯುವುದಿಲ್ಲ.